ಗುಟ್ಕಾ ಬಿಡಬೇಕು: ‘ಮನಸ್ಸು ಗಟ್ಟಿ ಮಾಡ್ಕೋ’ ಅನ್ನೋದು ಬಿಟ್ಟು ಬೇರೆ ಏನಾದ್ರೂ ಹೇಳಿ

ಹೈವೇ48
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹತ್ತಿರದವನು. ಸ್ವಂತ ಗೂಡ್ಸ್ ಗಾಡಿ ಇದೆ, ಈರುಳ್ಳಿ, ತರಕಾರಿ ಲೋಡು ಹಾಕ್ಕೊಂಡು ಹೆಚ್ಚಾಗಿ ರಾತ್ರಿ ಹೊತ್ತು ಓಡಿಸ್ತೀನಿ, ಒಮ್ಮೆ ಹುಬ್ಬಳ್ಳಿ ಕಡೆ, ಒಮ್ಮೆ ಬೆಂಗಳೂರು ಕಡೆ. ಕಾಲೇಜು ದಿನಗಳಿಂದ ಪಾನ್ ಮಸಾಲಾ ಪೊಟ್ಟಣ, ತಂಬಾಕಿನ ಪೊಟ್ಟಣ ಎರಡೂ ಸೇರಿಸಿ ಬಾಯಿಗೆ ಹಾಕೋ ಅಭ್ಯಾಸ. ಗಾಡಿ ಸ್ಟಾರ್ಟ್ ಮಾಡೋಕೆ ಮುಂಚೆ ಒಂದು, ಟೀ ಕುಡಿದ ಮೇಲೆ ಒಂದು, ಲೋಡು ಇಳಿಸೋವಾಗ ಒಂದು, ಹೀಗೆ ಬೆಳಗಾಗೋದ್ರೊಳಗೆ ಎಂಟು ಹತ್ತು ಆಗುತ್ತೆ.

ಬಿಡಬೇಕು ಅಂತ ನಿಜವಾಗ್ಲೂ ಅನ್ನಿಸಿದೆ. ಇತ್ತೀಚೆಗೆ ಮಂಡಕ್ಕಿ ಜೊತೆ ಮೆಣಸಿನಕಾಯಿ ತಿಂದ್ರೆ ಬಾಯಿ ಉರಿಯುತ್ತೆ, ಮೊದಲು ಹಾಗೆ ಆಗ್ತಿರಲಿಲ್ಲ. ಮನೆಯವಳಿಗೆ ಮಾತು ಕೊಟ್ಟಿದ್ದೀನಿ. ಆದ್ರೆ ಯಾರನ್ನ ಕೇಳಿದ್ರೂ ‘ಮನಸ್ಸು ಗಟ್ಟಿ ಮಾಡ್ಕೋ’ ಅಂತಾರೆ, ಅಲ್ಲಿಗೆ ಮುಗೀತು. ಸೋಮವಾರ ಬೆಳಗ್ಗೆ ಎದ್ದವನು ಏನು ಮಾಡಬೇಕು, ರಾತ್ರಿ ಎರಡು ಗಂಟೆಗೆ ತಲೆ ಕೆಟ್ಟಾಗ ಏನು ಮಾಡಬೇಕು, ಅದನ್ನ ಹೇಳಿ. ಬಿಟ್ಟವರು ಹೇಳಿದ್ರೆ ಇನ್ನೂ ಒಳ್ಳೇದು.

ಛಲಗಾರ_ಕೋಲಾರ
ಮನಸ್ಸಿದ್ದರೆ ಮಾರ್ಗ. ನಮ್ಮಪ್ಪ ಬೀಡಿ ಕಟ್ಟು ಎಸೆದವರು ಮತ್ತೆ ಮುಟ್ಟಲಿಲ್ಲ. ಇದಕ್ಕೆಲ್ಲ ಪ್ಲಾನು ಯಾಕೆ ಬೇಕು ಬ್ರದರ್?

ಹಲ್ಲಿನ_ಡಾಕ್ಟ್ರು
ಹೈವೇ48 ಅವರೇ, ಬಿಡೋ ವಿಷಯ ಆಮೇಲೆ. ಮೊದಲು ಬಾಯಿ ಉರಿ ಅಂದ್ರಲ್ಲ, ಅದಕ್ಕೆ ಬರ್ತೀನಿ. ಈಗಲೇ ಕನ್ನಡಿ ಮುಂದೆ ನಿಂತು ಬಾಯಿ ಪೂರ್ತಿ ತೆಗೆಯಿರಿ. ನಿಮ್ಮದೇ ಮೂರು ಬೆರಳು, ತೋರುಬೆರಳು, ಮಧ್ಯದ್ದು, ಉಂಗುರದ್ದು, ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ತೂರುತ್ತಾ ನೋಡಿ. ಸಾಮಾನ್ಯವಾಗಿ ತೂರಬೇಕು. ಎರಡೇ ಹೋಗುತ್ತೆ ಅಂದ್ರೆ ಬಾಯಿಯ ಒಳಚರ್ಮ ಬಿಗಿಯಾಗ್ತಿದೆ ಅಂತ. ನಾವು ಇದನ್ನ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತೀವಿ. ಇದಕ್ಕೆ ಮುಖ್ಯ ಕಾರಣ ತಂಬಾಕಲ್ಲ, ಅಡಿಕೆ. ಖಾರ ತಡೆಯೋಕಾಗದ ಉರಿಯೇ ಎಷ್ಟೋ ಜನರಿಗೆ ಇದರ ಮೊದಲ ಲಕ್ಷಣ.

ಹೆದರಿಸೋಕೆ ಹೇಳ್ತಿಲ್ಲ. ಬಿಗಿದ ಚರ್ಮ ಪೂರ್ತಿ ಮೊದಲಿನ ಹಾಗೆ ಆಗೋದು ಕಷ್ಟ. ಆದ್ರೆ ಜಗಿಯೋದು ನಿಲ್ಲಿಸಿದ್ರೆ ಮುಂದೆ ಬಿಗಿಯೋದು ತಗ್ಗುತ್ತೆ, ಉರಿಗೆ ಔಷಧಿ ಇದೆ, ಬಾಯಿ ತೆರೆಯೋ ವ್ಯಾಯಾಮ ಇದೆ. ಇದು ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಇರೋದ್ರಿಂದ ಆಗಾಗ ತೋರಿಸ್ತಿರಬೇಕು. ಬಿಳಿ ಅಥವಾ ಕೆಂಪು ಮಚ್ಚೆ ಇದ್ರೆ, ಎರಡು ಮೂರು ವಾರ ಕಳೆದ್ರೂ ಮಾಯದ ಹುಣ್ಣಿದ್ರೆ ತಡ ಮಾಡಬೇಡಿ. ದಾವಣಗೆರೆಯಲ್ಲೇ ಡೆಂಟಲ್ ಕಾಲೇಜುಗಳಿವೆ, ಅಲ್ಲಿ ತಪಾಸಣೆಗೆ ಹೆಚ್ಚು ಖರ್ಚಾಗಲ್ಲ. ಈ ವಾರವೇ ಹೋಗಿ.

ಹೈವೇ48
ಡಾಕ್ಟ್ರೇ, ನೋಡ್ದೆ. ಮೂರನೇ ಬೆರಳು ಕಷ್ಟದಿಂದ ಹೋಗ್ತಿದೆ. ಗುರುವಾರ ರಜೆ ಹಾಕಿ ಹೋಗ್ತೀನಿ.

ಹುಬ್ಬಳ್ಳಿ_ಕಾಕಾ
ಛಲಗಾರರ, ನಿಮ್ಮ ಅಪ್ಪಾರಿಗೆ ಕೈ ಮುಗೀತೀನ್ರಿ, ಖರೇನ ದೊಡ್ಡವರು. ಆದ್ರ ಹಂಗ ಒಂದ ದಿನಕ್ಕ ಬಿಟ್ಟವರು ನೂರರೊಳಗ ಯಾರೋ ಒಬ್ಬಿಬ್ಬರು. ಉಳದವರಿಗೆ ಏನ್ ಹೇಳ್ತೀರಿ?

ತಮ್ಮಾ ಹೈವೇ, ನಾನೂ ಎಪಿಎಂಸಿ ಒಳಗ ಹಮಾಲಿ ಲೆಕ್ಕ ಬರಕೋತ ತಂಬಾಕ ತಿಂದಾವ. ಈಗ ಬಿಟ್ಟು ಭಾಳ ವರ್ಷ ಆತು. ನಾ ಮಾಡಿದ್ದು ಹೇಳ್ತೀನಿ ಕೇಳು. ಬಿಡೂಕಿಂತ ಮೊದಲು ಒಂದು ವಾರ ಬಿಡಲೇ ಇಲ್ಲ. ಹಾಕ್ಕೋ, ಆದ್ರ ಹಾಕ್ಕೊಂಡಾಗೊಮ್ಮೆ ಬರಿ. ಎಷ್ಟು ಹೊತ್ತಿಗೆ, ಎಲ್ಲಿ, ಬಾಜೂಕ ಯಾರಿದ್ರು, ಅಷ್ಟ. ವಾರ ಆದ ಮ್ಯಾಲ ಓದಿ ನೋಡಿದ್ರ ನನಗ ಆಶ್ಚರ್ಯ ಆತು. ಅರ್ಧಕ್ಕರ್ಧ ನನಗ ಬೇಕಾಗಿ ಹಾಕ್ಕೊಂಡಿದ್ದ ಅಲ್ಲ. ಚಾ ಕುಡದ ಕೂಡ್ಲೆ ಕೈ ತಾನ ಕಿಸೇಕ ಹೋಗ್ತಿತ್ತು, ಇಲ್ಲಾ ಬಾಜೂಕಿನವ ತಿಕ್ಕಿ ಅಂಗೈ ಚಾಚ್ತಿದ್ದ. ಖರೇ ಚಡಪಡಿಕೆ ಇದ್ದದ್ದು ಮೂರು ಹೊತ್ತು ಮಾತ್ರ: ಮುಂಜಾನೆ ಎದ್ದ ಕೂಡ್ಲೆ, ಊಟ ಆದ ಮ್ಯಾಲ, ಸಂಜೀಕ ಲೆಕ್ಕ ಮುಗಿಯೂ ಹೊತ್ತಿನಾಗ.

ಬಾಜೂಕಿನವನಿಗೆ ಎಲ್ಲಾರ ಮುಂದ ಹೇಳಿದೆ, ‘ಇನ್ನ ನನಗ ಕೊಡಬ್ಯಾಡೋ, ಕೇಳಿದ್ರೂ ಕೊಡಬ್ಯಾಡ’ ಅಂತ. ಚಾ ಅಂಗಡಿ ಬದಲಿ ಮಾಡಿದೆ, ಪಾನಪಟ್ಟಿ ಇಲ್ಲದ ಕಡೆ ಕುಡಿಯಾಕ ಹತ್ತಿದೆ. ಇಷ್ಟರಾಗ ಅರ್ಧ ಹೋತು ನೋಡು. ಉಳದ ಮೂರು ಹೊತ್ತಿನ ಸಲುವಾಗಿ ಗುದ್ದಾಡಿದೆ.

ಪುಸ್ತಕದ_ಹುಳ
21 ದಿನ ತಡೆದ್ರೆ ಯಾವ ಅಭ್ಯಾಸ ಬೇಕಾದ್ರೂ ಹೋಗುತ್ತೆ ಅಂತ ಎಲ್ಲ ಕಡೆ ಇದೆಯಲ್ವಾ. ಕ್ಯಾಲೆಂಡರಲ್ಲಿ ಗುರುತು ಹಾಕ್ತಾ ಹೋಗಿ ಸರ್.

ಮನಃಶಾಸ್ತ್ರ_ಓದುತ್ತಿರುವೆ
ಈ 21ರ ಕಥೆ ಎಲ್ಲೆಲ್ಲೂ ಓಡಾಡ್ತಿದೆ, ಒಂದು ಸಲ ಸರಿ ಮಾಡೋಣ. 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳೋಕೆ ಕಡಿಮೆ ಅಂದ್ರೂ 21 ದಿನ ಬೇಕಾಗುತ್ತೆ ಅಂತ ಬರೆದರು. ಬರೆದದ್ದು ‘ಕಡಿಮೆ ಅಂದ್ರೂ’ ಅಂತ. ಆ ಎರಡು ಪದ ದಾರಿಯಲ್ಲಿ ಉದುರಿಹೋಗಿ 21 ಮಾತ್ರ ಉಳಿಯಿತು. ಚಟ ಬಿಡೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನ ಗಮನಿಸಿ, ಅಧ್ಯಯನವನ್ನ 2010ರಲ್ಲಿ ಪ್ರಕಟಿಸಿದರು. ಊಟದ ಜೊತೆ ಹಣ್ಣು ತಿನ್ನೋದು, ನೀರು ಕುಡಿಯೋದು, ವ್ಯಾಯಾಮ, ಇಂಥ ಹೊಸ ಅಭ್ಯಾಸ ತಾನಾಗೇ ಆಗೋ ಮಟ್ಟಕ್ಕೆ ಬರೋಕೆ ಸರಾಸರಿ 66 ದಿನ. ಆದ್ರೆ ಒಬ್ಬೊಬ್ಬರ ಲೆಕ್ಕ 18ರಿಂದ 254 ದಿನದವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿದ್ರೆ ಅಷ್ಟೇನೂ ನಷ್ಟ ಆಗಲಿಲ್ಲ ಅನ್ನೋದೂ ಅದರಲ್ಲೇ ಇದೆ. ಅದು ಕೂಡ ಹೊಸದನ್ನ ಕಲಿಯೋದರ ಬಗ್ಗೆ, ಹಳೆಯದನ್ನ ಬಿಡೋದರ ಬಗ್ಗೆ ಅಲ್ಲ.

21 ದಿನ ನಂಬಿದವರು ಏನಾಗ್ತಾರೆ ಗೊತ್ತಾ? 22ನೇ ದಿನವೂ ಆಸೆ ಬಂದಾಗ ‘ನನ್ನಲ್ಲೇ ಏನೋ ಕೊರತೆ’ ಅಂದ್ಕೊಂಡು ಪೂರ್ತಿ ಕೈಬಿಡ್ತಾರೆ. ಅದಕ್ಕೇ ಈ ಲೆಕ್ಕ ನಂಗೆ ಇಷ್ಟ ಇಲ್ಲ.

ಪುಸ್ತಕದ_ಹುಳ
ಓಹೋ, ಇದು ಗೊತ್ತಿರಲಿಲ್ಲ. ಥ್ಯಾಂಕ್ಸ್.

ತುಂಗಾತೀರ
ನಮ್ಮೂರಲ್ಲಿ ಅಯ್ಯಪ್ಪ ಮಾಲೆ ಹಾಕಿದವರನ್ನ ನೋಡಿ. ದಿನಕ್ಕೆ ಇಪ್ಪತ್ತು ಪೊಟ್ಟಣ ಹಾಕೋನು, ಸಂಜೆಯಾದ್ರೆ ಬಾರಿಗೆ ಹೋಗೋನು, ಒಂದು ಮಂಡಲ ಏನೂ ಮುಟ್ಟಲ್ಲ. ತಣ್ಣೀರು ಸ್ನಾನ ಬೇರೆ. ಹಂಗಾದ್ರೆ ಮನಸ್ಸು ಗಟ್ಟಿ ಇದ್ರೆ ಆಗುತ್ತೆ ಅಂತಾಯ್ತಲ್ವಾ? ಛಲಗಾರರು ಹೇಳಿದ್ದೂ ಅದೇ.

ಛಲಗಾರ_ಕೋಲಾರ
ಅದೇ ಅದೇ. ಭಕ್ತಿ ಇದ್ರೆ ಆಗುತ್ತೆ.

ಸಂತೆಬೆನ್ನೂರು_ಅಕ್ಕ
ನಮ್ಮನೆಯಲ್ಲೇ ಇಬ್ಬರು ಮಾಲೆ ಹಾಕ್ತಾರೆ, ಹತ್ತಿರದಿಂದ ನೋಡಿದ್ದೀನಿ, ಹೇಳ್ತೀನಿ. ಭಕ್ತಿ ಇದೆ, ಅದನ್ನ ಯಾರೂ ಅಲ್ಲಗಳೆಯಲ್ಲ. ಆದ್ರೆ ಮಾಲೆ ಹಾಕಿದ ದಿನದಿಂದ ಇನ್ನೇನೇನು ಬದಲಾಗುತ್ತೆ ನೋಡಿ. ಬಟ್ಟೆ ಕಪ್ಪು, ಹಾಗಾಗಿ ದೂರದಿಂದಲೇ ಗೊತ್ತಾಗುತ್ತೆ. ಚಿಕ್ಕ ಹುಡುಗರೂ ‘ಸ್ವಾಮಿ’ ಅಂತ ಕರೀತಾರೆ. ಪಾನ್ ಅಂಗಡಿಯವನು ತಾನಾಗಿ ಕೊಡಲ್ಲ, ಕೇಳೋಕೂ ಮುಖ ಬರಲ್ಲ. ಸಂಜೆ ಜೊತೆಗಿರೋರು ಕಟ್ಟೆ ಮೇಲಿನ ಗೆಳೆಯರಲ್ಲ, ಭಜನೆ ಮಾಡೋ ಉಳಿದ ಸ್ವಾಮಿಗಳು. ಮನೆಯಲ್ಲಿ ಅಡುಗೆ ಬೇರೆ, ಮಲಗೋ ಜಾಗ ಬೇರೆ, ಏಳೋ ಹೊತ್ತು ಬೇರೆ. ಇಡೀ ಊರೇ ಅವರನ್ನ ಹಿಡಿದು ನಿಲ್ಲಿಸಿರುತ್ತೆ.

ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮಾರನೇ ದಿನ ಅದೇ ಮನುಷ್ಯ, ಅದೇ ಭಕ್ತಿ. ಆದ್ರೆ ಕಟ್ಟೆ ಹಳೇದು, ಗೆಳೆಯರು ಹಳಬರು. ವಾರದೊಳಗೆ ಮತ್ತೆ ಶುರು. ಬರೀ ಮನಸ್ಸಿನಿಂದಲೇ ಆಗೋದಾದ್ರೆ ಮಾಲೆ ತೆಗೆದ ಮೇಲೂ ನಿಲ್ಲಬೇಕಿತ್ತಲ್ವಾ? ನಾನು ಹೇಳೋದು ಇಷ್ಟೇ: ಮಾಲೆ ಹೊತ್ತಲ್ಲಿ ಏನೇನು ಬದಲಾಗಿತ್ತೋ ಅದರಲ್ಲಿ ಒಂದೆರಡನ್ನಾದ್ರೂ ಆಮೇಲೂ ಉಳಿಸ್ಕೊಳ್ಳಿ. ನಮ್ಮ ಮೈದುನ ಸಂಜೆ ಭಜನೆಗೆ ಹೋಗೋದನ್ನ ಮಾತ್ರ ಬಿಡಲಿಲ್ಲ. ಅವನೊಬ್ಬನೇ ಉಳ್ಕೊಂಡಿರೋದು.

ತುಂಗಾತೀರ
ಅಕ್ಕಾ, ನಾನು ಈ ರೀತಿ ಯೋಚನೆ ಮಾಡಿರಲಿಲ್ಲ. ಸರಿ ಅನ್ನಿಸ್ತು.

ಛಲಗಾರ_ಕೋಲಾರ
ಒಪ್ಪಲ್ಲ ಅಂತಲ್ಲ. ಆದ್ರೂ ಮಾಲೆ ಹಾಕೋ ನಿರ್ಧಾರ ಅವನದೇ ತಾನೇ? ಅಲ್ಲಿ ಮನಸ್ಸು ಬೇಕೇ ಬೇಕು.

ಸಂತೆಬೆನ್ನೂರು_ಅಕ್ಕ
ಬೇಕು ಸರ್. ಒಂದು ದಿನಕ್ಕೆ ಬೇಕು. ಉಳಿದ ನಲವತ್ತು ದಿನ ಊರು ನೋಡ್ಕೊಳ್ಳುತ್ತೆ.

ಕೊಟ್ಟೂರು_ಹುಡುಗ
ಹೈವೇ ಅಣ್ಣ, ಒಂದೇ ಸಲಕ್ಕೆ ಬಿಡಬೇಡ. ತಂಬಾಕು ಪೊಟ್ಟಣ ಬಿಡು, ಸಿಹಿ ಅಡಿಕೆ ಪೊಟ್ಟಣ ಹಾಕ್ಕೋ. ಬಾಯಿಗೆ ಏನೋ ಇದ್ದ ಹಾಗಿರುತ್ತೆ, ತಂಬಾಕೂ ಇಲ್ಲ.

ಹಲ್ಲಿನ_ಡಾಕ್ಟ್ರು
ದಯವಿಟ್ಟು ಬೇಡ! ಮೇಲೆ ಬರೆದಿದ್ದೀನಿ, ಬಾಯಿ ಬಿಗಿಯೋದು ಅಡಿಕೆಯಿಂದ. ಇವರಿಗೆ ಈಗಾಗಲೇ ಮೂರನೇ ಬೆರಳು ತೂರೋದು ಕಷ್ಟ ಆಗ್ತಿದೆ. ಸಿಹಿ ಅಡಿಕೆ, ಸುವಾಸನೆ ಅಡಿಕೆ, ತಂಬಾಕು ಇಲ್ಲದ ಪಾನ್ ಮಸಾಲಾ ಎಲ್ಲಾ ಒಂದೇ. ಅಡಿಕೆಯಲ್ಲಿರೋ ಅರೆಕೋಲಿನ್ ಅನ್ನೋ ಅಂಶವೇ ಚಟ ಹತ್ತಿಸುತ್ತೆ. ಬಾಯಿಗೆ ಏನಾದ್ರೂ ಬೇಕು ಅಂದ್ರೆ ಸೋಂಪು, ಏಲಕ್ಕಿ, ಹುರಿಗಡಲೆ ಇಟ್ಕೊಳ್ಳಿ. ಲವಂಗ ಈಗ ಬೇಡ, ಉರಿ ಜಾಸ್ತಿ ಆಗಬಹುದು.

ಸಾಗರದ_ತೋಟ
ನಾನೊಬ್ಬ ಅಡಿಕೆ ಬೆಳೆಗಾರ. ಎಲ್ಲರೂ ಸೇರಿ ಅಡಿಕೆಗೆ ಹೊಡೆಯೋದು ನೋಡಿದ್ರೆ ಬೇಜಾರಾಗುತ್ತೆ. ಗುಟ್ಕಾದಲ್ಲಿ ಹಾಕೋ ತಂಬಾಕು, ಕೆಮಿಕಲ್ಲು, ಕಳಪೆ ಕಾಚು ಎಲ್ಲಾ ಬಿಟ್ಟು ಅಡಿಕೆ ಮೇಲೆ ಯಾಕೆ? ನಮ್ಮ ಹಿರಿಯರು ಎಲೆ, ಸುಣ್ಣ, ಅಡಿಕೆ ಹಾಕ್ಕೊಂಡು ತೊಂಬತ್ತು ವರ್ಷ ಬದುಕಿದ್ರು. ಮದುವೆಗೂ ಅಡಿಕೆ ಬೇಕು, ಪೂಜೆಗೂ ಬೇಕು. ಕೊಳೆರೋಗ, ಎಲೆಚುಕ್ಕೆ ರೋಗದಲ್ಲಿ ನಾವು ಸಾಯ್ತಿದ್ದೀವಿ, ಇದರ ಮೇಲೆ ಇಂಥ ಅಪಪ್ರಚಾರ.

ಹಲ್ಲಿನ_ಡಾಕ್ಟ್ರು
ತೋಟದವರೇ, ನಿಮ್ಮ ಕಷ್ಟ ಗೊತ್ತು, ನನ್ನ ತಾಯಿಯ ತವರು ಕೊಪ್ಪ. ಆದ್ರೆ ಗೊತ್ತಿರೋದನ್ನ ಮುಚ್ಚಿಡೋಕಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ತಂಬಾಕು ಹಾಕಿದ ಎಲೆಯಡಿಕೆಯನ್ನಷ್ಟೇ ಅಲ್ಲ, ತಂಬಾಕು ಇಲ್ಲದ ಎಲೆಯಡಿಕೆಯನ್ನೂ, ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ಮೊದಲನೇ ಗುಂಪಿಗೆ ಸೇರಿಸಿದೆ. ಪೂಜೆಗೆ ಇಡೋದರಿಂದ ಯಾರಿಗೂ ಏನೂ ಆಗಲ್ಲ. ದಿನಕ್ಕೆ ಹತ್ತು ಸಲ ಜಗಿದು ಗಂಟೆಗಟ್ಟಲೆ ಕೆನ್ನೆಯಲ್ಲಿ ಇಟ್ಕೊಳ್ಳೋದೇ ತೊಂದರೆ.

ಬಯಲುಸೀಮೆ
ತೋಟದವರಿಗೆ ಒಂದು ಪ್ರಶ್ನೆ: 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯ್ತಲ್ಲ, ನಿಮ್ಮ ರೇಟು ಬಿತ್ತಾ? ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಮಾಡಿ ಪಕ್ಕಪಕ್ಕದಲ್ಲೇ ನೇತುಹಾಕಿದ್ರು. ಹೈವೇಯವರು ಹಾಕ್ತಿರೋದೂ ಅದೇ.

ಸಾಗರದ_ತೋಟ
ರೇಟಿನ ವಿಷಯಕ್ಕೆ ಬೇರೆಯೇ ಚರ್ಚೆ ಬೇಕು, ಆಮದು, ಕಳ್ಳಸಾಗಣೆ, ಎಲ್ಲಾ ಸೇರುತ್ತೆ.

ಡಾಕ್ಟ್ರ ಜೊತೆ ಜಗಳ ಆಡಲ್ಲ. ಒಂದು ಮಾತು ಮಾತ್ರ ಹೇಳ್ತೀನಿ, ಹೈವೇಯವರಿಗೆ ಉಪಯೋಗ ಆಗಬಹುದು. ತೋಟದಲ್ಲಿ ಅಡಿಕೆ ಗೊನೆ ಕೊಯ್ಯೋವಾಗ, ಅಡಿಕೆ ಸುಲಿಯೋವಾಗ ‘ಕವಳ (ಎಲೆಯಡಿಕೆ) ಹಾಕಣ’ ಅಂತ ಯಾರಾದ್ರೂ ಅಂದ್ರೆ ಎಲ್ಲರೂ ಕೆಲಸ ನಿಲ್ಲಿಸಿ ಕೂರ್ತಾರೆ. ಸುಮ್ಮನೆ ಕೂತ್ರೆ ಮೈಗಳ್ಳ ಅಂತಾರೆ, ಕವಳದ ನೆವದಲ್ಲಿ ಕೂತ್ರೆ ಯಾರೂ ಏನೂ ಅನ್ನಲ್ಲ. ನಮ್ಮ ಕೆಲಸದವರಲ್ಲಿ ಒಬ್ಬರು ಡಾಕ್ಟರು ಹೇಳಿದ್ರು ಅಂತ ಕವಳ ಬಿಟ್ಟರು. ಬಿಟ್ಟ ಮೇಲೆ ಅವರಿಗೆ ವಿಶ್ರಾಂತಿಯೇ ತಪ್ಪಿಹೋಯ್ತು, ಉಳಿದವರು ಕೂತಾಗ ಇವರೊಬ್ಬರೇ ಕೆಲಸ ಮಾಡ್ತಾ ಇರೋರು. ತಡೀಲಾರದೆ ಮತ್ತೆ ಶುರು ಮಾಡಿದ್ರು. ಆಮೇಲೆ ನಾನೇ ಹೇಳ್ದೆ, ಎಲ್ಲರ ಜೊತೆ ಕೂರಿ, ಮಜ್ಜಿಗೆ ಕುಡೀರಿ, ಕವಳ ಹಾಕಲೇಬೇಕು ಅಂತೇನಿಲ್ಲ ಅಂತ. ಈಗ ಪರವಾಗಿಲ್ಲ. ಅದಕ್ಕೇ ಹೇಳೋದು, ಪೊಟ್ಟಣ ಬಿಟ್ರೂ ಆ ಐದು ನಿಮಿಷದ ವಿರಾಮ ಬಿಡಬೇಡಿ.

ಹುಬ್ಬಳ್ಳಿ_ಕಾಕಾ
ತ್ವಾಟದವರು ಅನುಭವದ ಮಾತು ಹೇಳಿದ್ರು ನೋಡ್ರಿ. ಇದು ಯಾರೂ ಹೇಳಿರಲಿಲ್ಲ.

ನಿರ್ವಾಹಕ
ಕೆಲವರು ಪೊಟ್ಟಣಗಳ ಬ್ರಾಂಡ್ ಹೆಸರು ಹಾಕಿದ್ದರು, ತೆಗೆದಿದ್ದೇನೆ. ಅಡಿಕೆ ಧಾರಣೆ ಚರ್ಚೆಗೆ ಕೃಷಿ ವಿಭಾಗದಲ್ಲಿ ಜಾಗ ಇದೆ.

ಉಡುಪಿ_ಟು_ಮಸ್ಕತ್
ನಾನು ಗಲ್ಫಿನಲ್ಲಿ ಇರುವುದು ಮಾರಾಯ್ರೆ. ಇಲ್ಲಿ ಆ ಪೊಟ್ಟಣ ಊರಿನ ಹಾಗೆ ಗೂಡಂಗಡಿಯಲ್ಲಿ ನೇತಾಡುವುದಿಲ್ಲ, ಸಿಗುವುದೇ ಕಷ್ಟ. ಇಲ್ಲಿಗೆ ಬಂದ ಮೇಲೆ ಮೊದಲ ಎರಡು ವಾರ ತಲೆನೋವು, ಎಲ್ಲರ ಮೇಲೆ ಸಿಟ್ಟು. ಆಮೇಲೆ ನೆನಪೇ ಇಲ್ಲ. ಆದರೆ ರಜೆಯಲ್ಲಿ ಊರಿಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಎಲ್ಲಿಂದಲೋ ಆಸೆ ಬರ್ತದೆ! ವರ್ಷಗಟ್ಟಲೆ ಬಾರದ್ದು ಆ ಅಂಗಡಿ ಕಂಡ ಕೂಡಲೇ ಬರ್ತದೆ. ನನಗೆ ಅದರಿಂದ ಗೊತ್ತಾದದ್ದು ಎಂತ ಅಂದ್ರೆ, ಆಸೆ ಮೈಯಲ್ಲಿ ಎಷ್ಟು ಉಂಟೋ ಅಷ್ಟೇ ಜಾಗದಲ್ಲೂ ಉಂಟು. ಈಗ ನಾನು ಬರುವಾಗ ತಮ್ಮ ಕಾರು ತಗೊಂಡು ಏರ್‌ಪೋರ್ಟಿಗೇ ಬರ್ತಾನೆ, ಸೀದಾ ಮನೆಗೆ. ಬಸ್‌ಸ್ಟ್ಯಾಂಡಿನ ಕಡೆ ಮೊದಲ ಕೆಲವು ದಿನ ಹೋಗುವುದೇ ಇಲ್ಲ.

ಬಯಲುಸೀಮೆ
ಮಸ್ಕತ್ ಸರ್, ನಿಮಗೆ ಜಾಗ ಬಿಟ್ಟು ಹೋಗೋ ಅವಕಾಶ ಇತ್ತು. ಹೈವೇಯವರ ಹೊಟ್ಟೆಪಾಡೇ ಆ ರಸ್ತೆ. ಡಾಬಾ, ಟೋಲು, ಪಂಚರ್ ಅಂಗಡಿ, ಎಲ್ಲಿ ನೋಡಿದ್ರೂ ಮಾಲೆ ಮಾಲೆಯಾಗಿ ನೇತಾಡ್ತಿರುತ್ತೆ. ಬಡವನ ಚಟಕ್ಕೆ ‘ವಾತಾವರಣ ಬದಲಿಸಿ’ ಅನ್ನೋದು ಸುಲಭ.

ಉಡುಪಿ_ಟು_ಮಸ್ಕತ್
ನೀವು ಹೇಳುವುದು ಸರಿ ಉಂಟು. ರಸ್ತೆ ಬದಲಿಸ್ಲಿಕ್ಕೆ ಆಗುವುದಿಲ್ಲ. ಆದರೆ ಯಾವ ಡಾಬಾದಲ್ಲಿ ನಿಲ್ಲಿಸುವುದು ಅಂತ ಅವರ ಕೈಯಲ್ಲೇ ಇರ್ತದಲ್ಲ? ಕಾಕಾ ಚಾ ಅಂಗಡಿ ಬದಲಿಸಿದ ಹಾಗೆ.

ಲಾರಿ_ಮಾಮ_ತುಮಕೂರು
ನಾನೂ ಡ್ರೈವರ್ರು ಕಣಪ್ಪಾ. ಯಾರೂ ಹೇಳ್ದೇ ಇರೋ ಒಂದು ಮಾತು ಹೇಳ್ತೀನಿ. ರಾತ್ರಿ ನಾವು ಪೊಟ್ಟಣ ಹಾಕೋದು ರುಚಿಗಲ್ಲ, ನಿದ್ದೆ ತಡೆಯೋಕೆ. ಬಾಯಾಡ್ತಿದ್ರೆ ಕಣ್ಣು ಮುಚ್ಚಲ್ಲ ಅಂತ. ಹಂಗಾಗಿ ನೀನು ಗುಟ್ಕಾ ಬಿಟ್ಟು ನಿದ್ದೆ ಲೆಕ್ಕ ಸರಿ ಮಾಡ್ಲಿಲ್ಲ ಅಂದ್ರೆ ಎರಡರಲ್ಲಿ ಒಂದು ಆಗುತ್ತೆ: ಮತ್ತೆ ಪೊಟ್ಟಣ ಹಿಡೀತೀಯ, ಇಲ್ಲಾ ಡಿವೈಡರಿಗೆ ಹೊಡೀತೀಯ. ಬಿಡೋ ಮೊದಲನೇ ವಾರ ರಾತ್ರಿ ಲೋಡು ಒಪ್ಕೋಬೇಡ. ಬಾಡಿಗೆ ಹೋದ್ರೆ ಹೋಗ್ಲಿ. ಆಮೇಲೆ ಓಡಿಸೋವಾಗ ಎರಡರಿಂದ ನಾಲ್ಕು ಗಂಟೆ ನಡುವೆ ಕಣ್ಣು ಎಳೆದ್ರೆ ಬಂಕಲ್ಲೋ ಟೋಲ್ ಪಕ್ಕ ಲೈಟಿರೋ ಜಾಗದಲ್ಲೋ ಹಾಕಿ, ಫೋನಲ್ಲಿ ಅಲಾರಂ ಇಟ್ಟು ಇಪ್ಪತ್ತು ನಿಮಿಷ ಮಲಗು. ಎದ್ದು ಮುಖ ತೊಳಿ, ಗಾಡಿ ಸುತ್ತ ಒಂದು ಸುತ್ತು ಹಾಕಿ ಟೈರು ನೋಡು. ಮಾಲಿನವರಿಗೆ ಮೊದಲೇ ಅರ್ಧ ಗಂಟೆ ಲೇಟು ಹೇಳಿಬಿಡು. ಹಗಲು ಮನೆಯಲ್ಲಿ ಮಲಗೋವಾಗ ಫೋನು ಹೆಂಡ್ತಿ ಕೈಗೆ ಕೊಡು, ಪಾರ್ಟಿಯವರು ಒಂದು ಗಂಟೆಗೊಮ್ಮೆ ಎಬ್ಬಿಸ್ತಾರೆ.

ಹೈವೇ48
ಮಾಮ, ನೀವು ಹೇಳಿದ್ದು ನೂರಕ್ಕೆ ನೂರು. ಹಗಲು ನಿದ್ದೆ ಮೂರು ನಾಲ್ಕು ಗಂಟೆ ಆದ್ರೆ ಹೆಚ್ಚು. ಇದನ್ನ ಯಾರೂ ಗುಟ್ಕಾ ಜೊತೆ ಸೇರಿಸಿ ಹೇಳಿರಲಿಲ್ಲ.

ಔಷಧಿ_ಅಂಗಡಿ
ತಂಬಾಕು ಬಿಡೋಕೆ ಸಹಾಯ ಮಾಡೋ ನಿಕೋಟಿನ್ ಗಮ್ ಬಗ್ಗೆ ಯಾರೂ ಹೇಳಲಿಲ್ಲ ಅಂತ ಬರೀತಿದ್ದೀನಿ. 2 ಮಿಲಿಗ್ರಾಂನದು ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೆ ಸಿಗುತ್ತೆ. ಕೌಂಟರಲ್ಲಿ ನಿಂತು ನಾನು ನೋಡೋದು ಏನಂದ್ರೆ, ಹತ್ತು ಜನ ತಗೊಂಡ್ರೆ ಬಹಳ ಮಂದಿ ಅದನ್ನ ಮಾಮೂಲಿ ಚೂಯಿಂಗ್ ಗಮ್ ಥರ ಗಬಗಬ ಜಗೀತಾರೆ. ಬಿಕ್ಕಳಿಕೆ, ವಾಕರಿಕೆ ಬರುತ್ತೆ, ‘ಇದು ಆಗಲ್ಲ’ ಅಂತ ಎಸೀತಾರೆ. ಅದನ್ನ ನಿಧಾನಕ್ಕೆ ಜಗಿಯಬೇಕು. ಬಾಯಲ್ಲಿ ಚುರುಚುರು ಅಂದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಇಟ್ಕೊಳ್ಳಿ. ಚುರುಚುರು ಹೋದ ಮೇಲೆ ಮತ್ತೆ ಸ್ವಲ್ಪ ಜಗೀರಿ. ಹೀಗೆ ಅರ್ಧ ಗಂಟೆ. ಹಾಕೋಕೆ ಕಾಲು ಗಂಟೆ ಮುಂಚೆಯಿಂದ ಟೀ, ಕಾಫಿ, ಜ್ಯೂಸು ಬೇಡ, ಔಷಧಿ ಸರಿಯಾಗಿ ಹೀರಲ್ಲ. ಎರಡು ಮೂರು ತಿಂಗಳಲ್ಲಿ ಕಮ್ಮಿ ಮಾಡ್ತಾ ನಿಲ್ಲಿಸಬೇಕು. ಹೃದಯದ ತೊಂದರೆ ಇರೋರು, ಗರ್ಭಿಣಿಯರು ಡಾಕ್ಟರನ್ನ ಕೇಳದೆ ತಗೋಬಾರದು.

ಛಲಗಾರ_ಕೋಲಾರ
ಒಂದು ಚಟ ಬಿಡಿಸೋಕೆ ಇನ್ನೊಂದು ಚಟ!

ಔಷಧಿ_ಅಂಗಡಿ
ಅಲ್ಲ ಸರ್. ತಂಬಾಕಿನಲ್ಲಿ ಕ್ಯಾನ್ಸರ್ ತರೋದು ಅದರ ಬೇರೆ ಅಂಶಗಳು, ಚಟ ಹಿಡಿಸೋದು ಮುಖ್ಯವಾಗಿ ನಿಕೋಟಿನ್. ಗಮ್‌ನಲ್ಲಿ ನಿಕೋಟಿನ್ ಮಾತ್ರ, ಅದೂ ಅಳತೆಯಲ್ಲಿ, ನಿಧಾನವಾಗಿ. ಮೈ ಒಂದು ಕಡೆ, ಅಭ್ಯಾಸ ಇನ್ನೊಂದು ಕಡೆ ಎಳೆಯೋವಾಗ ಎರಡರ ಜೊತೆ ಒಟ್ಟಿಗೆ ಹೋರಾಡೋದು ತಪ್ಪುತ್ತೆ.

ಹಲ್ಲಿನ_ಡಾಕ್ಟ್ರು
ಒಂದು ಸೇರಿಸ್ತೀನಿ. ಬಾಯಿ ಬಿಗಿದವರಿಗೆ ಗಮ್ ಜಗಿಯೋದೇ ನೋವು. ಅಂಥವರಿಗೆ ಚರ್ಮಕ್ಕೆ ಅಂಟಿಸೋ ನಿಕೋಟಿನ್ ಪ್ಯಾಚ್ ಇದೆ. ಯಾವುದು ಸರಿ ಅಂತ ಗುರುವಾರ ತೋರಿಸಿದಾಗಲೇ ಕೇಳಿ. ಇನ್ನೊಂದು ಸತ್ಯ: ನಿಕೋಟಿನ್ ಔಷಧಿ ತಂಬಾಕಿನ ಎಳೆತಕ್ಕೆ ಸಹಾಯ ಮಾಡುತ್ತೆ, ಅಡಿಕೆಯ ಎಳೆತ ಬೇರೆಯೇ ಇರುತ್ತೆ. ಅದಕ್ಕೆ ಕಾಕಾ ಹೇಳಿದ ಬರೆದಿಡೋ ಕೆಲಸ, ಸೋಂಪು, ವಿರಾಮ ಇವೇ ದಾರಿ.

1800-11-2356 ಅನ್ನೋ ನಂಬರ್ ಎಲ್ಲರಿಗೂ ಗೊತ್ತಿರಲಿ. ತಂಬಾಕಿನ ಪೊಟ್ಟಣದ ಮೇಲೇ ಅಚ್ಚಾಗಿರುತ್ತೆ, ಯಾರೂ ಓದಲ್ಲ. ಅದು ರಾಷ್ಟ್ರೀಯ ಕ್ವಿಟ್‌ಲೈನ್, ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದರ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಒಂದು ಸಲ ಮಾತಾಡಿ ಬಿಡಲ್ಲ, ಬಿಡೋ ತಾರೀಖು ನಿಮ್ಮ ಜೊತೆ ಕೂಡಿ ಗೊತ್ತು ಮಾಡಿ, ಆಮೇಲೂ ಅವರೇ ಫೋನ್ ಮಾಡಿ ವಿಚಾರಿಸ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲೂ ತಂಬಾಕು ಬಿಡಿಸೋ ಕೇಂದ್ರಗಳಿವೆ.

ಮನಃಶಾಸ್ತ್ರ_ಓದುತ್ತಿರುವೆ
ಇನ್ನೊಂದು ಸಣ್ಣ ಉಪಾಯ. ‘ಗುಟ್ಕಾ ಹಾಕಲ್ಲ’ ಅಂತ ಬರೆದಿಟ್ಟುಕೊಂಡರೆ ರಾತ್ರಿ ಎರಡು ಗಂಟೆಗೆ ಅದು ಏನೂ ಹೇಳಿಕೊಡಲ್ಲ. ‘ಹೀಗಾದ್ರೆ ಹೀಗೆ ಮಾಡ್ತೀನಿ’ ಅನ್ನೋ ರೂಪದಲ್ಲಿ ಬರೆಯಿರಿ. ‘ಟೀ ಮುಗಿದ ಕೂಡಲೇ ಎದ್ದು ಬಾಯಿ ಮುಕ್ಕಳಿಸಿ ಸೋಂಪು ಹಾಕ್ಕೋತೀನಿ.’ ‘ಲೋಡು ಇಳಿಸೋನು ಪೊಟ್ಟಣ ಚಾಚಿದ್ರೆ ಡಾಕ್ಟರ್ ಬೇಡ ಅಂದಿದ್ದಾರೆ ಅಂತೀನಿ.’ ಪೀಟರ್ ಗಾಲ್ವಿಟ್ಜರ್ ಅನ್ನೋ ಮನೋವಿಜ್ಞಾನಿ 1999ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಬರೀ ಗುರಿ ಇಟ್ಟುಕೊಂಡವರಿಗಿಂತ ಯಾವಾಗ, ಎಲ್ಲಿ, ಏನು ಅಂತ ಮೊದಲೇ ಗೊತ್ತುಮಾಡಿಕೊಂಡವರು ಹೆಚ್ಚು ಪೂರೈಸ್ತಾರೆ, ಯಾಕಂದ್ರೆ ಆ ಹೊತ್ತಿಗೆ ಯೋಚನೆ ಮಾಡೋ ಕೆಲಸವೇ ಇರಲ್ಲ.

ಆಸೆ ಒಂದೊಂದು ಸಲ ಬರೋದು ಕೆಲವೇ ನಿಮಿಷ. ಮೊದಲ ಮೂರು ನಾಲ್ಕು ದಿನ ತುಂಬಾ ಜೋರು, ಮೂರು ನಾಲ್ಕು ವಾರದಲ್ಲಿ ಮೈಯ ಚಡಪಡಿಕೆ ಬಹುತೇಕ ಇಳಿಯುತ್ತೆ.

ಸಂತೆಬೆನ್ನೂರು_ಅಕ್ಕ
ಹೈವೇ ತಮ್ಮಾ, ಇದನ್ನ ಮನೆಯವರಿಗೆ ಓದಿ ಹೇಳು, ಅವರಿಗೆ ಬರೀತಿದ್ದೀನಿ. ತಂಗಿ, ಮೊದಲ ವಾರ ನಿನ್ನ ಗಂಡ ಸಿಡುಕ್ತಾನೆ, ನಿದ್ದೆ ಕೆಡುತ್ತೆ, ಹೊಟ್ಟೆ ಕಟ್ಟಬಹುದು, ಹಸಿವು ಜಾಸ್ತಿ ಆಗುತ್ತೆ. ಅದು ನಿನ್ನ ಮೇಲಿನ ಸಿಟ್ಟಲ್ಲ. ಸೊಪ್ಪು, ಹಣ್ಣು, ನೀರು ಜಾಸ್ತಿ ಕೊಡು. ಅಂಗಿ ಜೇಬು ತಡಕಬೇಡ, ಬಾಯಿ ಮೂಸಬೇಡ. ನಾನು ನೋಡಿದ ಮನೆಗಳಲ್ಲಿ ಜೇಬು ತಡಕೋಕೆ ಶುರು ಮಾಡಿದ ದಿನದಿಂದ ಗಂಡಸರು ಬಚ್ಚಿಡೋಕೆ ಶುರು ಮಾಡ್ತಾರೆ, ಆಮೇಲೆ ಸಹಾಯ ಕೇಳೋದೇ ಇಲ್ಲ. ಒಂದು ಸಲ ಹಾಕ್ಕೊಂಡ ಅಂತ ಗೊತ್ತಾದ್ರೂ ‘ಮಾತು ಕೊಟ್ಟು ತಪ್ಪಿದೆ’ ಅನ್ನಬೇಡ. ‘ಯಾವ ಹೊತ್ತಲ್ಲಿ, ಎಲ್ಲಿ?’ ಅಂತ ಕೇಳು. ಉತ್ತರ ಅಲ್ಲೇ ಇರುತ್ತೆ.

ಛಲಗಾರ_ಕೋಲಾರ
ಈ ಮಾತು ಚೆನ್ನಾಗಿದೆ ಅಕ್ಕ.

ಬಯಲುಸೀಮೆ
ಇಷ್ಟೆಲ್ಲಾ ಒಬ್ಬೊಬ್ಬರೇ ಮಾಡಬೇಕು ಅನ್ನೋದೇ ನನಗೆ ಹಿಡಿಸಲ್ಲ. 2016–17ರ ಕೇಂದ್ರದ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ 22.8 ಶೇಕಡಾ ಯಾವುದಾದ್ರೂ ರೂಪದಲ್ಲಿ ತಂಬಾಕು ಬಳಸ್ತಿದ್ರು, ಹೊಗೆಯಿಲ್ಲದ ತಂಬಾಕು 16.3 ಶೇಕಡಾ. ಅಂದ್ರೆ ನಮ್ಮಲ್ಲಿ ಸೇದೋರಿಗಿಂತ ಜಗಿಯೋರೇ ಜಾಸ್ತಿ. ಸ್ಕೂಲಿನಿಂದ ನೂರು ಗಜದೊಳಗೆ ಮಾರಬಾರದು ಅಂತ 2003ರ ಕಾನೂನಿದೆ. ನಮ್ಮೂರ ಹೈಸ್ಕೂಲ್ ಗೇಟಿಂದ ಹತ್ತು ಹೆಜ್ಜೆಗೆ ಗೂಡಂಗಡಿ. ಹೈವೇಯವರಿಗೆ ಕಾಲೇಜು ದಿನಗಳಲ್ಲಿ ಅಷ್ಟು ಸುಲಭಕ್ಕೆ ಸಿಗದೇ ಇದ್ದಿದ್ರೆ ಇವತ್ತು ಈ ಚರ್ಚೆ ಬೇಕಿತ್ತಾ? ನಾವು ಪಂಚಾಯ್ತಿಗೆ ಅರ್ಜಿ ಕೊಡ್ತಿದ್ದೀವಿ, ಬೇರೆ ಊರಿನವರೂ ಕೊಡಿ.

ಹುಬ್ಬಳ್ಳಿ_ಕಾಕಾ
ಅರ್ಜಿ ಕೊಡ್ರಿ, ಅದು ಬೇಕು. ಆದ್ರ ಅರ್ಜಿ ಮಂಜೂರ ಆಗೂತನಕ ಈ ತಮ್ಮನ ಬಾಯಿ ಕಾಯಂಗಿಲ್ಲ. ಎರಡೂ ನಡೀಲಿ.

ಹೈವೇ48
ಡೆಂಟಲ್ ಕಾಲೇಜಿಗೆ ಹೋಗಿ ಬಂದೆ. ಶುರುವಿನ ಹಂತದ ಬಿಗಿತ ಅಂದ್ರು, ಮಚ್ಚೆ ಏನೂ ಇಲ್ಲ. ಮೂರು ತಿಂಗಳಿಗೊಮ್ಮೆ ಬರೋಕೆ ಹೇಳಿದ್ದಾರೆ, ಬಾಯಿ ವ್ಯಾಯಾಮ ತೋರಿಸಿಕೊಟ್ಟಿದ್ದಾರೆ, ಗಮ್ ಬೇಡ ಅಂತ ಪ್ಯಾಚ್ ಬರೆದಿದ್ದಾರೆ. ಕ್ವಿಟ್‌ಲೈನಿಗೂ ಮಾತಾಡಿದೆ, ಬರೋ ಅಮಾವಾಸ್ಯೆ ದಿನ ಲೋಡಿಂಗ್ ಇರಲ್ಲ, ಅವತ್ತೇ ನಿಲ್ಲಿಸೋದು ಅಂತ ಗೊತ್ತು ಮಾಡಿದ್ದೀವಿ. ಅಲ್ಲೀವರೆಗೆ ಕಾಕಾ ಹೇಳಿದ ಹಾಗೆ ಹಾಳೆಯಲ್ಲಿ ಬರೀತಿದ್ದೀನಿ. ಡ್ಯಾಶ್‌ಬೋರ್ಡಲ್ಲಿದ್ದ ಪೊಟ್ಟಣದ ಸರ ತೆಗೆದು ಸೋಂಪಿನ ಡಬ್ಬಿ ಇಟ್ಟಾಯ್ತು. ಆ ವಾರ ರಾತ್ರಿ ಬಾಡಿಗೆ ಇಲ್ಲ ಅಂತ ಇಬ್ಬರು ಪಾರ್ಟಿಗೆ ಹೇಳಿದೆ, ಒಬ್ಬರು ಸಿಟ್ಟಾದ್ರು, ಇನ್ನೊಬ್ಬರು ‘ನಾನೂ ಬಿಡಬೇಕು ಕಣೋ’ ಅಂದ್ರು. ನಮ್ಮನೆಯವಳು ಅಕ್ಕ ಬರೆದಿದ್ದನ್ನ ಎರಡು ಸಲ ಓದಿದಳು.

ಲಾರಿ_ಮಾಮ_ತುಮಕೂರು
ಆ ಸಿಟ್ಟಾದ ಪಾರ್ಟಿ ವಾರ ಬಿಟ್ಟು ತಾನೇ ಫೋನ್ ಮಾಡ್ತಾನೆ, ತಲೆ ಕೆಡಿಸ್ಕೋಬೇಡ. ಸಿರಾ ಕಡೆ ಬಂದ್ರೆ ಹೇಳು, ಪಾನ್ ಅಂಗಡಿ ಇಲ್ಲದ ಡಾಬಾ ತೋರಿಸ್ತೀನಿ.

ಮಂಡ್ಯದ_ಮಗಳು
ನಡುವೆ ಬಂದಿದ್ದಕ್ಕೆ ಕ್ಷಮಿಸಿ, ಎಲ್ಲಾ ಓದ್ದೆ. ಎಲ್ಲರೂ ಗಂಡಸರ ಗುಟ್ಕಾ ಬಗ್ಗೆ ಹೇಳ್ತಿದ್ದೀರಿ. ನಮ್ಮಮ್ಮ ಕಡ್ಡಿಪುಡಿ, ಅಂದ್ರೆ ತಂಬಾಕಿನ ಪುಡಿ ಹಾಕ್ತಾರೆ, ಎಲೆಯಡಿಕೆ ಜೊತೆ. ಗದ್ದೆ ಕೆಲಸಕ್ಕೆ ಹೋಗೋ ನಮ್ಮೂರ ಎಷ್ಟೋ ಹೆಂಗಸರು ಹಾಕ್ತಾರೆ, ಹಸಿವು ಗೊತ್ತಾಗಲ್ಲ ಅಂತ. ಅರವತ್ತು ದಾಟಿದ ಮೇಲೆ ಬಿಡಿಸೋದರಲ್ಲಿ ಅರ್ಥ ಇದೆಯಾ? ಕೇಳಿದ್ರೆ ‘ಸಾಯೋ ವಯಸ್ಸಲ್ಲಿ ಇದೊಂದು ಬಿಡು’ ಅಂತಾರೆ.

ಹಲ್ಲಿನ_ಡಾಕ್ಟ್ರು
ಖಂಡಿತಾ ಇದೆ ತಾಯಿ. ಯಾವ ವಯಸ್ಸಲ್ಲಿ ಬಿಟ್ರೂ ಬಾಯಿಗೆ ಅನುಕೂಲವೇ. ಆದ್ರೆ ಮೊದಲು ಬಾಯಿ ತೋರಿಸಿ, ಬಿಡಿಸೋ ಮಾತು ಆಮೇಲೆ. ‘ಹಲ್ಲು ತೋರಿಸೋಣ ಬಾ’ ಅಂತ ಕರ್ಕೊಂಡು ಹೋಗಿ. ಹೆಂಗಸರು ತಾವಾಗಿ ಬರೋದೇ ಕಡಿಮೆ, ಬಂದಾಗ ಹುಣ್ಣು ದೊಡ್ಡದಾಗಿರುತ್ತೆ.

ಸಂತೆಬೆನ್ನೂರು_ಅಕ್ಕ
ಹಸಿವು ಗೊತ್ತಾಗಲ್ಲ ಅಂತ ಹಾಕ್ತಾರೆ ಅಂದ್ಯಲ್ಲ, ಅಮ್ಮ ಗದ್ದೆಗೆ ಹೋಗೋವಾಗ ಬುತ್ತಿ ತಗೊಂಡು ಹೋಗ್ತಾರಾ? ಬೆಳಗ್ಗೆ ಎಷ್ಟು ಹೊತ್ತಿಗೆ ತಿಂತಾರೆ?

ಮಂಡ್ಯದ_ಮಗಳು
ಬೆಳಗ್ಗೆ ಒಂದು ಲೋಟ ಟೀ ಕುಡಿದು ಹೋಗ್ತಾರೆ ಅಕ್ಕ. ಊಟ ಹನ್ನೊಂದರ ಮೇಲೆ.

ಸಂತೆಬೆನ್ನೂರು_ಅಕ್ಕ
ಹಾಗಾದ್ರೆ ಕಡ್ಡಿಪುಡಿ ಮಾತು ಎತ್ತಲೇಬೇಡ. ನಾಳೆಯಿಂದ ಟೀ ಜೊತೆ ಒಂದು ರೊಟ್ಟಿ ತಿನ್ನಿಸಿ ಕಳಿಸು, ಗದ್ದೆಗೆ ಒಂದು ಚೊಂಬು ರಾಗಿ ಅಂಬಲಿ ಕೊಟ್ಟು ಕಳಿಸು. ಪುಡಿ ಎಷ್ಟು ದಿನಕ್ಕೆ ಮುಗೀತು ಅಂತ ಹದಿನೈದು ದಿನ ಸುಮ್ಮನೆ ನೋಡಿ ಇಲ್ಲಿ ಬಂದು ಹೇಳು.